ಹ್ಯಾಟ್ ಇಲ್ಲದ ಪತ್ತೇದಾರರು

ರಾತ್ರಿ ಎಂಟೂವರೆ. ಹೊರಗೆ ಮಳೆ. ಮೆಸ್ಸಿನ ಟ್ಯೂಬ್‌ಲೈಟು ಉರಿಯಬೇಕೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿರಲಿಲ್ಲ. ತಟ್ಟೆಯಲ್ಲಿದ್ದ ಸಾಂಬಾರು ನನ್ನನ್ನು ನೋಡಿತು. ನಾನೂ ಅದನ್ನು ನೋಡಿದೆ. ಬೇಳೆ ಕಾಣೆಯಾಗಿ ಮೂರು ದಿನವಾಗಿತ್ತು. ಯಾರೂ ದೂರು ಕೊಟ್ಟಿರಲಿಲ್ಲ.

ಈ ಸಾಲುಗಳನ್ನು ಓದುವಾಗ ನಿಮ್ಮ ತಲೆಯೊಳಗೆ ಒಂದು ದನಿ ಕೇಳಿಸಿರಬೇಕು. ತುಸು ಗೊಗ್ಗರು, ತುಸು ಸುಸ್ತು, ಯಾವುದಕ್ಕೂ ಆಶ್ಚರ್ಯಪಡದ ದನಿ. ಉದ್ದ ಕೋಟು, ಓರೆಯಾಗಿಟ್ಟ ಹ್ಯಾಟು, ಕಿಟಕಿಯ ಪಟ್ಟಿಗಳ ನೆರಳು ಮುಖದ ಮೇಲೆ, ಹಿನ್ನೆಲೆಯಲ್ಲಿ ಒಬ್ಬನೇ ತನ್ನ ಕಥೆ ಹೇಳಿಕೊಳ್ಳುತ್ತಿರುವ ಪತ್ತೇದಾರ. ಒಂದೇ ಒಂದು ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ನೋಡದವರಿಗೂ ಈ ದನಿ ಗೊತ್ತು. ಕಾರ್ಟೂನುಗಳಲ್ಲಿ, ಜಾಹೀರಾತುಗಳಲ್ಲಿ, ರೀಲ್ಸ್‌ಗಳಲ್ಲಿ ಅದನ್ನು ಅಣಕಿಸಿ ಅಣಕಿಸಿ ಮೂಲಕ್ಕಿಂತ ಅಣಕವೇ ಹೆಚ್ಚು ಪರಿಚಿತವಾಗಿದೆ.

ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ನಮ್ಮ ಹಾಸ್ಟೆಲಿನಲ್ಲಿ ಕಳೆದ ಎರಡು ಸೆಮಿಸ್ಟರಿನಿಂದ ಈ ದನಿ ನೆಗಡಿಯ ಹಾಗೆ ಹಬ್ಬಿದೆ. ಒಬ್ಬನ ಲ್ಯಾಪ್‌ಟಾಪಿನಲ್ಲಿ ಶನಿವಾರ ರಾತ್ರಿ ನೋಡಿದ ಒಂದು ಸಿನಿಮಾದಿಂದ ಶುರುವಾದದ್ದು. ಮರುದಿನ ಬೆಳಿಗ್ಗೆ ಬಿಸಿನೀರಿಗೆ ಬಕೆಟ್ ಹಿಡಿದು ಕ್ಯೂ ನಿಂತವನೊಬ್ಬ, ‘ಗೀಸರ್ ಸತ್ತು ಬಿದ್ದಿತ್ತು. ಮೈ ಇನ್ನೂ ಬೆಚ್ಚಗಿತ್ತು’ ಎಂದ. ಅಲ್ಲಿಂದ ನಿಂತಿಲ್ಲ. ತಮಾಷೆಗೆ ಹಿಡಿದ ಈ ಗೀಳು ನಿಜಕ್ಕೂ ಏನು, ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಸಂಗತಿಗಳು ನನ್ನನ್ನು ಬೆರಗುಗೊಳಿಸಿದವು. ಕೆಲಸ ಹುಡುಕುತ್ತಿರುವ, ಇಂಗ್ಲಿಷಿಗೆ ಅಳುಕುತ್ತಿರುವ ನಮ್ಮಂಥವರಿಗೆ ಆ ದನಿ ತೀರಾ ಹತ್ತಿರದ್ದು.

ಹೆಸರಿಟ್ಟವರು ಬೇರೆ, ಹೆತ್ತವರು ಬೇರೆ

‘ಫಿಲ್ಮ್ ನುವಾರ್’ ಎಂಬುದು ಫ್ರೆಂಚ್ ಮಾತು. ಅರ್ಥ ‘ಕಪ್ಪು ಸಿನಿಮಾ’. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಅಮೆರಿಕದ ಸಿನಿಮಾಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಅವೆಲ್ಲ ಒಟ್ಟಿಗೆ ಬಂದವು. ನೋಡಿದ ಫ್ರೆಂಚ್ ವಿಮರ್ಶಕರಿಗೆ ಅವುಗಳಲ್ಲಿ ಹೊಸದೊಂದು ಕತ್ತಲು ಕಂಡಿತು. 1946ರಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕ ಅವನ್ನು ಈ ಹೆಸರಿನಿಂದ ಕರೆದ. ಹಾಲಿವುಡ್‌ನಲ್ಲಿ ಅವನ್ನು ತೆಗೆದವರು ಆಗ ತಾವು ‘ನುವಾರ್’ ತೆಗೆಯುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಅವರ ಪಾಲಿಗೆ ಅದು ಒಂದು ಕೊಲೆಯ ಕಥೆ, ಅಷ್ಟೆ.

ಇನ್ನೊಂದು ಮಜಾ ಇದೆ. ಈ ದನಿ ಎಂದಕೂಡಲೇ ಎಲ್ಲರಿಗೂ ನೆನಪಾಗುವ ಮುಖ ಹಂಫ್ರಿ ಬೋಗಾರ್ಟ್‌ನದು. ಅವನು ಪತ್ತೇದಾರನಾಗಿ ನಟಿಸಿದ ಎರಡು ಪ್ರಸಿದ್ಧ ಸಿನಿಮಾಗಳು ‘ದಿ ಮಾಲ್ಟೀಸ್ ಫಾಲ್ಕನ್’ (1941) ಮತ್ತು ‘ದಿ ಬಿಗ್ ಸ್ಲೀಪ್’ (1946). ಎರಡರಲ್ಲೂ ಪತ್ತೇದಾರನ ಹಿನ್ನೆಲೆ ದನಿಯೇ ಇಲ್ಲ! ನಾವು ಬೋಗಾರ್ಟ್‌ನ ಹ್ಯಾಟನ್ನು ತೆಗೆದು ಬೇರೆಯವರ ಮಾತಿನ ಮೇಲೆ ಇಟ್ಟಿದ್ದೇವೆ.

ಹಾಗಾದರೆ ಆ ಮಾತು ಯಾರದು? 1944ರ ‘ಮರ್ಡರ್, ಮೈ ಸ್ವೀಟ್’ ನೋಡಿ. ಫಿಲಿಪ್ ಮಾರ್ಲೊ ಎಂಬ ಖಾಸಗಿ ಪತ್ತೇದಾರ ಪೊಲೀಸ್ ಠಾಣೆಯಲ್ಲಿ ಕೂತಿದ್ದಾನೆ, ಕಣ್ಣಿಗೆ ಬ್ಯಾಂಡೇಜು. ಏನೂ ಕಾಣದವನು ತಾನು ಕಂಡದ್ದನ್ನೆಲ್ಲ ಹೇಳುತ್ತಾ ಹೋಗುತ್ತಾನೆ. ಅದೇ ವರ್ಷದ ‘ಡಬಲ್ ಇಂಡೆಮ್ನಿಟಿ’ಯಲ್ಲಿ ಕಥೆ ಹೇಳುವವನು ಪತ್ತೇದಾರನೂ ಅಲ್ಲ, ವಿಮಾ ಏಜೆಂಟ್ ವಾಲ್ಟರ್ ನೆಫ್. ಹಣದ ಆಸೆಗೆ, ಒಬ್ಬ ಹೆಂಗಸಿನ ಆಸೆಗೆ ಬಿದ್ದು ಅವಳ ಗಂಡನನ್ನು ಕೊಂದವನು. ಗುಂಡೇಟು ತಿಂದ ಮೈಯಲ್ಲಿ ನಡುರಾತ್ರಿ ತನ್ನ ಆಫೀಸಿಗೆ ಬಂದು ಡಿಕ್ಟಾಫೋನಿನ ಮುಂದೆ ಕೂರುತ್ತಾನೆ. ಅದು ಮೇಣದ ಉರುಳೆಯ ಮೇಲೆ ಮಾತನ್ನು ದಾಖಲಿಸುವ ಯಂತ್ರ. ಆ ಕಾಲದ ಆಫೀಸುಗಳಲ್ಲಿ ಪತ್ರ ಹೇಳಿ ಬರೆಸಲು ಬಳಸುತ್ತಿದ್ದರು. ನೆಫ್ ಅದರಲ್ಲಿ ಪತ್ರದ ಬದಲು ತನ್ನ ತಪ್ಪೊಪ್ಪಿಗೆ ತುಂಬುತ್ತಾನೆ. ಕೊಂದದ್ದು ತಾನೇ ಎಂದು ಶುರುವಿನಲ್ಲೇ ಹೇಳಿಬಿಡುತ್ತಾನೆ. ಹಣವೂ ಸಿಗಲಿಲ್ಲ, ಹೆಂಗಸೂ ಸಿಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತಾನೆ. ಆದರೂ ನಾವು ಕೊನೆಯವರೆಗೂ ಕದಲದೆ ಕೂರುತ್ತೇವೆ.

ಆರು ವರ್ಷದ ನಂತರ ಬಂದ ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ (1950) ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕಥೆ ಹೇಳುವವನು ಈಜುಕೊಳದಲ್ಲಿ ಬೋರಲಾಗಿ ತೇಲುತ್ತಿರುವ ಹೆಣ. ಮೊದಲು ಶವಾಗಾರದಲ್ಲಿ ಹೆಣಗಳು ಪರಸ್ಪರ ಮಾತಾಡುವ ದೃಶ್ಯದಿಂದ ಸಿನಿಮಾ ಶುರುವಾಗುತ್ತಿತ್ತಂತೆ. ಪರೀಕ್ಷಾರ್ಥ ಪ್ರದರ್ಶನದಲ್ಲಿ ಜನ ಬಿದ್ದು ಬಿದ್ದು ನಕ್ಕರು. ನಿರ್ದೇಶಕ ಬಿಲ್ಲಿ ವೈಲ್ಡರ್ ಆ ಭಾಗವನ್ನೇ ಕತ್ತರಿಸಿ, ಹೊಸ ಆರಂಭ ಕೊಟ್ಟ.

ಒಂದು ಸಾಮಾನ್ಯ ಗುಣ ಗಮನಿಸಿದಿರಾ? ಕಣ್ಣು ಕಟ್ಟಿದವನು, ಗುಂಡೇಟು ತಿಂದವನು, ಸತ್ತೇ ಹೋದವನು. ಗೆದ್ದವನೊಬ್ಬನೂ ಇಲ್ಲ. ಇದು ಸೋತವರ ದನಿ. ಕಥೆ ಮುಗಿದ ಮೇಲೆ, ಇನ್ನೇನೂ ಬದಲಾಯಿಸಲಾಗದು ಎಂದಾದ ಮೇಲೆ ಬರುವ ದನಿ.

ಕೆಲಸ ಹೋದವನು, ದೇಶ ಬಿಟ್ಟವನು

ಮಾರ್ಲೊ ಎಂಬ ಪತ್ತೇದಾರನನ್ನು ಸೃಷ್ಟಿಸಿದವನು ರೇಮಂಡ್ ಚಾಂಡ್ಲರ್. ಹುಟ್ಟಿದ್ದು 1888ರಲ್ಲಿ, ಅಮೆರಿಕದ ಷಿಕಾಗೋದಲ್ಲಿ. ಓದಿದ್ದು ಇಂಗ್ಲೆಂಡಿನಲ್ಲಿ, ಲ್ಯಾಟಿನ್-ಗ್ರೀಕ್ ಕಲಿಸುವ ಶಾಲೆಯಲ್ಲಿ. ಆಮೇಲೆ ಅಮೆರಿಕಕ್ಕೆ ಮರಳಿ ಕ್ಯಾಲಿಫೋರ್ನಿಯಾದ ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೇರಿದ. ಕುಡಿತ ವಿಪರೀತವಾಯಿತು, ಆಫೀಸಿಗೆ ಹೋಗುವುದು ತಪ್ಪಿತು. 1932ರಲ್ಲಿ, ಆರ್ಥಿಕ ಕುಸಿತದ ನಟ್ಟನಡುವೆ, ನಲವತ್ನಾಲ್ಕರ ವಯಸ್ಸಿನಲ್ಲಿ ಕೆಲಸ ಹೋಯಿತು.

ಆಗ ಅವನು ಮಾಡಿದ್ದೇನು? ಅಗ್ಗದ ಕಾಗದದ ಪತ್ತೇದಾರಿ ಪತ್ರಿಕೆಗಳನ್ನು ಓದತೊಡಗಿದ. ತನಗೆ ಮೆಚ್ಚುಗೆಯಾದ ಒಂದು ಕಥೆಯನ್ನು ತೆಗೆದುಕೊಂಡು ಅದರ ಸಾರಾಂಶ ಬರೆದುಕೊಂಡ. ಸಾರಾಂಶವನ್ನಷ್ಟೇ ಮುಂದಿಟ್ಟುಕೊಂಡು ಇಡೀ ಕಥೆಯನ್ನು ತಾನೇ ಬರೆದ. ಆಮೇಲೆ ಮೂಲದ ಜೊತೆ ಹೋಲಿಸಿ ಎಲ್ಲಿ ಸಡಿಲಾಗಿದೆ ನೋಡಿದ. ಮತ್ತೆ ಬರೆದ. ಥೇಟ್ ನಾವು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಕೀ ಉತ್ತರದ ಜೊತೆ ತಾಳೆ ನೋಡುವ ಹಾಗೆ! ಅವನ ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. 1933ರಲ್ಲಿ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸಿಕ್ಕ ಸಂಭಾವನೆ 180 ಡಾಲರ್. ಮೊದಲ ಕಾದಂಬರಿ ‘ದಿ ಬಿಗ್ ಸ್ಲೀಪ್’ ಬಂದದ್ದು 1939ರಲ್ಲಿ, ಅವನಿಗೆ ಐವತ್ತು ತುಂಬಿದ ಮೇಲೆ.

ಇಂಗ್ಲೆಂಡಿನ ಶಾಲಾ ಇಂಗ್ಲಿಷಿನಲ್ಲಿ ಬೆಳೆದ ಅವನು ಅಮೆರಿಕದ ಬೀದಿ ಮಾತನ್ನು ಪರಭಾಷೆಯೊಂದನ್ನು ಕಲಿಯುವ ಹಾಗೆ ಕಲಿತೆ ಎಂದು ಹೇಳಿಕೊಂಡಿದ್ದಾನೆ. ‘ಡಬಲ್ ಇಂಡೆಮ್ನಿಟಿ’ಯ ಚಿತ್ರಕಥೆಯನ್ನು ಚಾಂಡ್ಲರ್ ಜೊತೆ ಬರೆದ ವೈಲ್ಡರ್‌ನ ಕಥೆಯೂ ಅಂಥದ್ದೇ. ಅಂದಿನ ಆಸ್ಟ್ರಿಯಾ-ಹಂಗೇರಿಯ ಯಹೂದಿ ಕುಟುಂಬದಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಸಿನಿಮಾಗಳಿಗೆ ಬರೆಯುತ್ತಿದ್ದವನು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟು ಓಡಬೇಕಾಯಿತು. ಹಾಲಿವುಡ್ ತಲುಪಿದಾಗ ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೇ. ಇವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಆದರೂ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಜಗತ್ತು ಇವತ್ತಿಗೂ ‘ಅಚ್ಚ ಅಮೆರಿಕನ್’ ಎಂದುಕೊಳ್ಳುವ ಆ ದನಿಯನ್ನು ಕಟ್ಟಿದರು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಇದನ್ನು ತಿಳಿದ ದಿನ ಒಂದು ಥರದ ಧೈರ್ಯ ಬಂತು. ಹುಟ್ಟಿನಿಂದ ಬಂದವರದ್ದಷ್ಟೇ ಭಾಷೆಯಲ್ಲ. ಕಿವಿಗೊಟ್ಟು ಕೇಳಿದವರದ್ದೂ ಹೌದು.

ಇವರಿಬ್ಬರಿಗಿಂತ ಹಿಂದೆ ಇನ್ನೊಬ್ಬನಿದ್ದ, ಡ್ಯಾಶಿಯಲ್ ಹ್ಯಾಮೆಟ್. ಬರಹಗಾರನಾಗುವ ಮೊದಲು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ನಿಜವಾಗಿಯೂ ಪತ್ತೇದಾರನಾಗಿದ್ದವನು. ಅಲ್ಲಿ ಕೆಲಸದವರು ವರದಿ ಬರೆಯಬೇಕಿತ್ತು. ಯಾರನ್ನು ಹಿಂಬಾಲಿಸಿದೆ, ಎಷ್ಟು ಗಂಟೆಗೆ, ಅವನು ಯಾವ ಬಾಗಿಲಿಂದ ಹೊರಬಂದ. ಅಲ್ಲಿ ‘ನನಗೆ ತುಂಬಾ ಬೇಸರವಾಯಿತು’ ಎಂದು ಬರೆದರೆ ಯಾರಿಗೆ ಬೇಕು? 1923ರಿಂದ ಅವನು ಬರೆದ ಹೆಸರಿಲ್ಲದ ಪತ್ತೇದಾರನೊಬ್ಬನ ಕಥೆಗಳಲ್ಲಿ ಆ ವರದಿಯ ಒಣ ದನಿಯೇ ಇದೆ. ನಾವು ಲ್ಯಾಬ್ ರೆಕಾರ್ಡಿನಲ್ಲಿ ಬರೆಯುವ ‘ವೀಕ್ಷಣೆ’ಯ ಪುಟದ ಹಾಗೆ. ಕಂಡದ್ದನ್ನು, ಕಂಡ ಕ್ರಮದಲ್ಲಿ.

ಕನ್ನಡದಲ್ಲಿ ಕೂರುತ್ತದಾ?

ನಮ್ಮಲ್ಲಿ ಪತ್ತೇದಾರ ಎಂದರೆ ಅಪ್ಪನ ತಲೆಮಾರಿನವರಿಗೆ ತಟ್ಟನೆ ನೆನಪಾಗುವುದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನಮ್ಮ ತಲೆಮಾರಿಗೆ ‘ಬೆಲ್ ಬಾಟಂ’ (2019) ಸಿನಿಮಾದ ಡಿಟೆಕ್ಟಿವ್ ದಿವಾಕರ. ಆದರೆ ಸೋತು ಸುಣ್ಣವಾದ, ಮಳೆಯಲ್ಲಿ ನೆನೆದ ಈ ದನಿ ಕನ್ನಡದಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ನಾವು ಹಾಸ್ಟೆಲಿನಲ್ಲೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕಾಯಿತು.

ಮೊದಮೊದಲು ಎಲ್ಲರೂ ಡಬ್ಬಿಂಗ್ ಸಿನಿಮಾದ ಥರ ಮಾತಾಡುತ್ತಿದ್ದರು. ‘ಈ ನಗರ ಎಂದಿಗೂ ಮಲಗುವುದಿಲ್ಲ’ ಎಂದು ಒಬ್ಬ. ನಮ್ಮ ಕಾಲೇಜಿರುವ ಊರು ಒಂಬತ್ತಕ್ಕೆಲ್ಲ ಮಲಗಿಬಿಡುತ್ತದೆ! ‘ವಿಸ್ಕಿಯ ಗುಟುಕು’ ಎಂದು ಇನ್ನೊಬ್ಬ. ಕೈಯಲ್ಲಿದ್ದದ್ದು ಬಾದಾಮಿ ಹಾಲು. ನಗು ಬರುತ್ತಿತ್ತು, ನಿಜ. ಆದರೆ ಮಾತು ಎಲ್ಲಿಯೋ ತೇಲುತ್ತಿತ್ತು.

ಬರಬರುತ್ತಾ ಮೂರು ಸಂಗತಿ ಹೊಳೆದವು.

ಒಂದು, ಹೋಲಿಕೆ ನಮ್ಮ ಸುತ್ತಲಿನದ್ದೇ ಆಗಿರಬೇಕು. ಚಾಂಡ್ಲರ್ ಹೋಲಿಕೆಗಳಿಗೆ ಹೆಸರುವಾಸಿ. ಅವನು ಅವುಗಳನ್ನು ಹೆಕ್ಕಿದ್ದು ತಾನು ಬದುಕಿದ ಲಾಸ್ ಏಂಜಲಿಸ್‌ನಿಂದ. ನಮಗೆ ನಮ್ಮದಿದೆ. ‘ಲ್ಯಾಬಿನ ಅಟೆಂಡರ್ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಮನೆಯ ಹಿರೀ ಸೊಸೆ ಥರ.’ ‘ರಿಸಲ್ಟ್ ಪೇಜು ತೆರೆಯಲೊಲ್ಲದು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು, ಹರಕೆ ಹೊತ್ತು ಪ್ರದಕ್ಷಿಣೆ ಹಾಕುವವರ ಹಾಗೆ.’ ಇಂಥವು ಬಾಯಿಗೆ ಬಂದ ದಿನದಿಂದ ಯಾರೂ ವಿಸ್ಕಿ ಕೇಳಲಿಲ್ಲ.

ಎರಡು, ಕನ್ನಡದಲ್ಲಿ ‘ನಾನು’ ಎಂದು ಮತ್ತೆ ಮತ್ತೆ ಹೇಳಬೇಕಾಗಿಲ್ಲ. ‘ಹೋದೆ. ನೋಡಿದೆ. ಬಾಗಿಲು ಹಾಕಿತ್ತು.’ ‘ಹೋದೆ’ ಎಂದರೆ ಸಾಕು, ‘ನಾನು’ ಅದರೊಳಗೇ ಕೂತಿದ್ದಾನೆ. ತನ್ನ ಬಗ್ಗೆಯೇ ಹೇಳುತ್ತಾ ತನ್ನನ್ನು ಮರೆಯಲ್ಲಿಡುವ ಈ ದನಿಗೆ ನಮ್ಮ ವ್ಯಾಕರಣ ಹೇಳಿಮಾಡಿಸಿದ ಹಾಗಿದೆ.

ಮೂರು, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ವಾಕ್ಯ ಮುಗಿಯುವವರೆಗೆ ಏನಾಯಿತೆಂದು ಗೊತ್ತಾಗುವುದಿಲ್ಲ. ‘ಅವರು ನನ್ನ ರೆಸ್ಯುಮೆ ತೆಗೆದುಕೊಂಡರು, ಎರಡೂ ಪುಟ ತಿರುವಿದರು, ನಸುನಕ್ಕರು, ಆಮೇಲೆ ಅದರ ಮೇಲೆ ಕಾಫಿ ಲೋಟ ಇಟ್ಟರು.’ ಆ ‘ಇಟ್ಟರು’ ಬರುವವರೆಗೂ ಆಸೆ ಇರುತ್ತದೆ ನೋಡಿ!

‘ನಾವು ಬಾಗಿಲಲ್ಲೇ ನಿಂತಿರಬೇಕಾ?’

ಇದು ಹುಡುಗರ ಹಾಸ್ಟೆಲಿನಿಂದ ಕ್ಲಾಸಿಗೂ ಬಂತು. ಒಂದು ದಿನ ಕ್ಯಾಂಟೀನಿನಲ್ಲಿ ಒಬ್ಬ, ‘ಅವಳು ಬಾಗಿಲಲ್ಲಿ ನಿಂತಿದ್ದಳು. ನನಗೆ ಗೊತ್ತಿತ್ತು, ಇನ್ನು ನನ್ನ ಕಥೆ ಮುಗಿಯಿತು’ ಎಂದು ಶುರುಮಾಡಿದ. ಪಕ್ಕದ ಟೇಬಲ್ಲಿನಲ್ಲಿದ್ದ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ತಿರುಗಿ, ‘ಅಲ್ಲಾ ಕಣ್ರೋ, ನಿಮ್ಮ ಕಥೇಲೆಲ್ಲಾ ನಾವು ಬಾಗಿಲಲ್ಲಿ ನಿಂತ್ಕೊಳ್ಳೋದು ಬಿಟ್ಟು ಬೇರೆ ಏನೂ ಕೆಲಸ ಮಾಡಲ್ವಾ?’ ಎಂದಳು.

ಪ್ರಶ್ನೆ ಸರಿಯಾದದ್ದೇ. ಆ ಸಿನಿಮಾಗಳಲ್ಲಿ ಹೆಣ್ಣು ಹೆಚ್ಚಾಗಿ ಗಂಡಸನ್ನು ಕೆಡಿಸಲು ಬಂದ ಮೋಹಿನಿ. ಹೇಳುವವನು ಗಂಡಸಾದ್ದರಿಂದ ಅವಳ ಕಡೆಯ ಮಾತು ನಮಗೆ ಕೇಳಿಸುವುದಿಲ್ಲ. ಹಾಗೆಂದು ಹೆಣ್ಣಿನ ದನಿ ಇಲ್ಲವೇ ಇಲ್ಲ ಎಂದಲ್ಲ. ‘ಮಿಲ್ಡ್ರೆಡ್ ಪಿಯರ್ಸ್’ನಲ್ಲಿ (1945) ಪೊಲೀಸರ ಮುಂದೆ ಕೂತು ತನ್ನ ಕಥೆ ಹೇಳುವವಳು ಹೋಟೆಲು ಕಟ್ಟಿ ಮಕ್ಕಳನ್ನು ಸಾಕಿದ ತಾಯಿ. ಆ ಪಾತ್ರಕ್ಕೆ ಜೋನ್ ಕ್ರಾಫರ್ಡ್‌ಗೆ ಆಸ್ಕರ್ ಬಂತು.

ನಮ್ಮ ಸಹಪಾಠಿ ಅಷ್ಟಕ್ಕೇ ಬಿಡಲಿಲ್ಲ. ತಾನೇ ಹೇಳಿದಳು: ‘ಪ್ರಾಜೆಕ್ಟ್ ಮುಗಿದಾಗ ಎಂಟು ಹತ್ತು. ಹಾಸ್ಟೆಲ್ ಗೇಟು ಎಂಟೂವರೆಗೆ. ಬಸ್ಸು ಬಂತು, ನಿಲ್ಲಲಿಲ್ಲ. ಆಟೋ ನಿಂತಿತು, ಮೀಟರ್ ಹಾಕಲಿಲ್ಲ. ಓಡಿದೆ. ಎಂಟು ಮೂವತ್ತೆರಡು. ವಾರ್ಡನ್ ಗಡಿಯಾರ ನೋಡಿದರು. ನನ್ನ ಕಡೆ ನೋಡಲೇ ಇಲ್ಲ. ಅದೇ ಹೊತ್ತಲ್ಲಿ ಹುಡುಗರು ಟೀ ಕುಡಿಯೋಕೆ ಹೊರಗೆ ಹೋಗ್ತಿದ್ರು.’

ಯಾರೂ ನಗಲಿಲ್ಲ. ಒಂದು ದೂರಿನ ಪದವೂ ಅದರಲ್ಲಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ದೂರನ್ನು ನಾನು ಕೇಳಿಲ್ಲ. ಈ ದನಿಯ ಶಕ್ತಿ ಏನೆಂದು ನನಗೆ ಅರ್ಥವಾದದ್ದು ಅಲ್ಲಿ. ‘ಅನ್ಯಾಯ’ ಎಂದು ಹೇಳುವುದು ಬೇಡ. ಗೇಟಿನ ಹೊತ್ತು ಹೇಳಿದರೆ ಸಾಕು.

ಹಣೆಬರಹ ಎಂಬ ಸುಲಭದ ದಾರಿ

ಈ ದನಿಗೆ ಒಂದು ಕೆಟ್ಟ ಚಾಳಿಯೂ ಇದೆ. 1945ರಲ್ಲಿ ಎಡ್ಗರ್ ಉಲ್ಮರ್ ತೀರಾ ಕಡಿಮೆ ಖರ್ಚಿನಲ್ಲಿ ತೆಗೆದ ‘ಡಿಟೂರ್’ ಎಂಬ ಸಿನಿಮಾ ಇದೆ. ಪಿಯಾನೊ ನುಡಿಸುವ ಬಡವನೊಬ್ಬ ಕಂಡವರ ಕಾರಿಗೆ ಕೈ ಅಡ್ಡ ಹಾಕುತ್ತಾ ಪ್ರೇಯಸಿಯನ್ನು ಸೇರಲು ಲಾಸ್ ಏಂಜಲಿಸ್‌ಗೆ ಹೊರಟಿದ್ದಾನೆ. ದಾರಿಯಲ್ಲಿ ಒಂದು ಸಾವು, ಆಮೇಲೆ ಇನ್ನೊಂದು. ಎರಡೂ ಆಕಸ್ಮಿಕ ಎಂದು ಅವನು ನಮಗೆ ಹೇಳುತ್ತಾನೆ. ಎಲ್ಲವೂ ವಿಧಿಯ ಆಟ, ನನ್ನದೇನೂ ಇಲ್ಲ ಎನ್ನುತ್ತಾನೆ. ಕೇಳುತ್ತಾ ಕೇಳುತ್ತಾ ಅನುಮಾನ ಹುಟ್ಟುತ್ತದೆ. ಇವನು ನಡೆದದ್ದನ್ನು ಹೇಳುತ್ತಿದ್ದಾನಾ, ಅಥವಾ ಪೊಲೀಸರು ಬಂದಾಗ ಹೇಳಬೇಕಾದ್ದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಾನಾ?

ನಮ್ಮಲ್ಲೂ ಅಂಥ ಅಭ್ಯಾಸ ಶುರುವಾಯಿತು. ಅಟೆಂಡೆನ್ಸ್ ಕಡಿಮೆಯಾದರೆ ‘ಪಟ್ಟಿಯಲ್ಲಿ ನನ್ನ ಹೆಸರು ಮೊದಲೇ ಬರೆದಿತ್ತು’ ಎನ್ನುವುದು. ಓದದೆ ಹೋಗಿ ‘ಆ ಪೇಪರು ನನಗಾಗಿ ಕಾದಿತ್ತು’ ಎನ್ನುವುದು. ಕೇಳಲು ಚೆನ್ನ. ಆದರೆ ಇಲ್ಲಿ ದನಿ ಇರುವುದು ಕಂಡದ್ದನ್ನು ಹೇಳಲಿಕ್ಕಲ್ಲ, ಕಾಣದಿರಲಿಕ್ಕೆ. ಹ್ಯಾಟನ್ನು ಕಣ್ಣಿನ ಮೇಲೆ ಎಳೆದುಕೊಂಡ ಹಾಗೆ. ಹಾಗಾಗಿ ನಮ್ಮ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡೆವು: ವಿಧಿ, ಹಣೆಬರಹ, ಟೈಮ್ ಸರಿ ಇಲ್ಲ, ಈ ಮೂರಕ್ಕೂ ಪ್ರವೇಶವಿಲ್ಲ. ಏನಾಯಿತೋ ಅದನ್ನು ಹೇಳು. ನಿನ್ನ ಕೈ ಎಲ್ಲಿತ್ತು ಎಂಬುದನ್ನೂ ಸೇರಿಸಿ ಹೇಳು.

ಏಳನೇ ಕಂಪನಿ

ನಮ್ಮ ಪಕ್ಕದ ರೂಮಿನಲ್ಲಿ ಫೈನಲ್ ಇಯರ್ ಸೀನಿಯರ್ ಒಬ್ಬರಿದ್ದಾರೆ. ಅಣ್ಣ ಎಂದೇ ಕರೆಯುತ್ತೇವೆ. ಹಾಸನ ಜಿಲ್ಲೆಯ ಹಳ್ಳಿಯವರು, ಅಪ್ಪ ಜೋಳ, ಆಲೂಗಡ್ಡೆ ಬೆಳೆಯುತ್ತಾರೆ. ಅಣ್ಣನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮನೆಯಿಂದ ದಿನಾ ಫೋನು ಬರುತ್ತದೆ. ‘ಊಟ ಆಯ್ತಾ?’ ‘ಆಯ್ತು.’ ‘ಕೆಲಸದ್ದು ಏನಾಯ್ತು?’ ‘ನಡೀತಾ ಇದೆ.’ ನಾಲ್ಕು ತಿಂಗಳಿಂದ ಇಷ್ಟೇ. ಗೋಡೆ ತೆಳು, ನಮಗೆಲ್ಲ ಕೇಳಿಸುತ್ತದೆ.

ಏಳನೇ ಕಂಪನಿ ಬಂದು ಹೋದ ರಾತ್ರಿ ಮೆಸ್ಸಿನಲ್ಲಿ ಅಣ್ಣ ಎಂದಿನಂತೆ ಕೂತರು. ಯಾರೋ ‘ಏನಾಯ್ತಣ್ಣ?’ ಎಂದರು. ಅಣ್ಣ ಆ ಗೊಗ್ಗರು ದನಿ ತೆಗೆದರು.

‘ಬೆಳಿಗ್ಗೆ ಆರಕ್ಕೆ ಎದ್ದೆ. ಅಂಗಿಗೆ ಇಸ್ತ್ರಿ ಹಾಕಿದೆ. ಆ ಅಂಗಿ ಆರು ಇಂಟರ್‌ವ್ಯೂ ನೋಡಿತ್ತು. ನನಗಿಂತ ಅದಕ್ಕೇ ಅನುಭವ ಜಾಸ್ತಿ. ಆಪ್ಟಿಟ್ಯೂಡ್ ಆಯ್ತು. ಟೆಕ್ನಿಕಲ್ ಆಯ್ತು. ಕೊನೇ ರೌಂಡಲ್ಲಿ ಮೇಡಂ ಒಬ್ಬರು ಕೇಳಿದರು, ಐದು ವರ್ಷ ಆದಮೇಲೆ ಎಲ್ಲಿರ್ತೀರಿ ಅಂತ. ಸಂಜೆ ಐದು ಆದಮೇಲೆ ಎಲ್ಲಿರ್ತೀನಿ ಅನ್ನೋದೇ ನನಗೆ ಗೊತ್ತಿರಲಿಲ್ಲ. ಐದಕ್ಕೆ ಪಟ್ಟಿ ಹಾಕಿದರು. ಹನ್ನೊಂದು ಹೆಸರು. ಎರಡು ಸಲ ಓದಿದೆ. ಹನ್ನೊಂದೇ ಇತ್ತು.’

ಅಂಗಿಯ ಮಾತಿಗೆ ಇಡೀ ಟೇಬಲ್ಲು ನಕ್ಕಿತು. ಕೊನೆಯ ಮಾತಿಗೆ ಸುಮ್ಮನಾಯಿತು. ಯಾರೋ ಎದ್ದು ಹೋಗಿ ಅಣ್ಣನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿಸಿಕೊಂಡು ಬಂದರು. ನಾಲ್ಕು ತಿಂಗಳಲ್ಲಿ ಅಣ್ಣ ಯಾವುದೇ ಕಂಪನಿಯ ಬಗ್ಗೆ ಒಂದು ಪೂರ್ತಿ ವಾಕ್ಯ ಹೇಳಿದ್ದು ಅದೇ ಮೊದಲು.

ಆಮೇಲೆ ತಾರಸಿಯ ಮೇಲೆ ಒಣಗಹಾಕಿದ ಬಟ್ಟೆ ತರಲು ಹೋದೆ. ನೀರಿನ ಟ್ಯಾಂಕಿನ ಪಕ್ಕ ಅಣ್ಣ ಫೋನಿನಲ್ಲಿದ್ದರು. ಸಿಗ್ನಲ್ ಸರಿ ಸಿಗದೆ ಸ್ಪೀಕರಿಗೆ ಹಾಕಿದ್ದರು. ‘ಕೆಲಸದ್ದು?’ ಎಂದು ಅತ್ತಲಿಂದ ಅಪ್ಪನ ದನಿ. ನಾನು ‘ನಡೀತಾ ಇದೆ’ ಕೇಳಲು ಕಾದೆ. ಅಣ್ಣ ಒಂದು ಕ್ಷಣ ಸುಮ್ಮನಿದ್ದು, ‘ಅಪ್ಪಾ, ಬೆಳಿಗ್ಗೆ ಆರಕ್ಕೆ ಎದ್ದೆ. ಅಂಗಿಗೆ ಇಸ್ತ್ರಿ ಹಾಕ್ದೆ’ ಎಂದು ಶುರುಮಾಡಿದರು. ಅದೇ ಕಥೆ, ಅದೇ ಕ್ರಮ. ಆದರೆ ಗೊಗ್ಗರು ದನಿ ಇರಲಿಲ್ಲ. ಅವರ ಊರಿನ ಮಾತು. ಪ್ರತಿ ವಾಕ್ಯಕ್ಕೂ ಅತ್ತಲಿಂದ ಒಂದೇ ಪ್ರಶ್ನೆ: ‘ಆಮೇಕೆ?’

ಹನ್ನೊಂದು ಹೆಸರಿನವರೆಗೂ ಹೇಳಿ ಮುಗಿಸಿದರು. ಅತ್ತ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಪ್ಪ ಕೇಳಿದರು: ‘ಅಂಗಿ ಕಾಲರು ಹರ್ದೈತಾ?’

‘ಇಲ್ಲಪ್ಪ. ಸ್ವಲ್ಪ ಮಾಸೈತೆ.’

‘ಇನ್ನೊಂದು ತಗಂಡ್ಬುಡು. ದುಡ್ಡು ಹಾಕ್ತೀನಿ.’

ಅಷ್ಟೆ. ನಾನು ಬಟ್ಟೆ ಬಿಟ್ಟು ಕೆಳಗಿಳಿದೆ.

ಬಾಗಿಲಲ್ಲಿ ನಿಂತವನು

‘ಡಬಲ್ ಇಂಡೆಮ್ನಿಟಿ’ಯಲ್ಲಿ ಒಂದು ಸಂಗತಿಯನ್ನು ಮೇಲೆ ಹೇಳಲಿಲ್ಲ. ನೆಫ್ ಮಾತಾಡುತ್ತಿರುವುದು ಯಂತ್ರದ ಮುಂದೆ, ನಿಜ. ಆದರೆ ಅವನು ಅದನ್ನೆಲ್ಲ ಹೇಳುತ್ತಿರುವುದು ಕೀಸ್ ಎಂಬ ಸಹೋದ್ಯೋಗಿಗೆ. ಕೀಸ್ ವಿಮಾ ಕಂಪನಿಯಲ್ಲಿ ಮೋಸದ ಕ್ಲೇಮುಗಳನ್ನು ಪತ್ತೆಹಚ್ಚುವವನು. ನೆಫ್‌ನ ಬಗ್ಗೆ ಅವನಿಗೆ ನಿಜವಾದ ಅಕ್ಕರೆ. ಮಾತು ಮುಗಿಯುವ ಹೊತ್ತಿಗೆ ತಲೆಯೆತ್ತಿ ನೋಡಿದರೆ ಕೀಸ್ ಬಾಗಿಲಲ್ಲಿ ನಿಂತಿದ್ದಾನೆ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದನೋ! ಅಷ್ಟು ಹೊತ್ತಿಗೆ ಎಲ್ಲ ಮುಗಿದುಹೋಗಿದೆ. ಇದನ್ನೇ ಒಂದು ತಿಂಗಳ ಮೊದಲು ಕೀಸ್‌ನ ಟೇಬಲ್ಲಿನ ಎದುರು ಕೂತು ಹೇಳಿದ್ದರೆ ಕೊಲೆಯೂ ಇಲ್ಲ, ಸಿನಿಮಾವೂ ಇಲ್ಲ.

ಕಪ್ಪು ಸಿನಿಮಾದವರಿಗೆ ಮಾತು ಬರುವುದು ತಡವಾಗಿ. ಗುಂಡು ತಗುಲಿದ ಮೇಲೆ, ಕೊಳಕ್ಕೆ ಬಿದ್ದ ಮೇಲೆ. ಇಪ್ಪತ್ತು-ಇಪ್ಪತ್ತೆರಡರ ನಮಗೆ ಅಂಥ ಗತಿ ಏನೂ ಬಂದಿಲ್ಲ. ನಮ್ಮ ಕಥೆಯಲ್ಲಿ ಒಂದು ಬ್ಯಾಕ್‌ಲಾಗ್ ಇದೆ, ಏಳು ಕಂಪನಿ ಇವೆ, ತೀರಿಸಬೇಕಾದ ಎಜುಕೇಷನ್ ಲೋನ್ ಇದೆ. ‘ಹೇಗಿದ್ದೀಯಾ?’ ಎಂದು ಕೇಳಿದರೆ ‘ಫೈನ್’ ಎನ್ನುವುದೊಂದು ದಾರಿ, ಗೊಳೋ ಎನ್ನುವುದೊಂದು ದಾರಿ. ಇವೆರಡರ ನಡುವೆ ಹ್ಯಾಮೆಟ್‌ನ ವರದಿಯಷ್ಟು ಒಣಗಿದ, ಚಾಂಡ್ಲರ್‌ನಷ್ಟು ತುಂಟತನವಿರುವ ಒಂದು ಕಾಲುದಾರಿ ಇದೆ. ತಮಾಷೆಯ ಹೆಸರಿನಲ್ಲಿ ಶುರುಮಾಡಿದರೆ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಬೇಕಿದ್ದರೆ ಇವತ್ತು ರಾತ್ರಿ ಪ್ರಯತ್ನಿಸಿ. ನಿಮ್ಮ ಈ ದಿನವನ್ನು ಹತ್ತು ವಾಕ್ಯಗಳಲ್ಲಿ ಹೇಳಿ. ಬೇಸರ, ಟೆನ್ಷನ್, ಡಿಪ್ರೆಸ್ ಎಂಬ ಪದಗಳು ಬೇಡ. ಗಂಟೆ ಎಷ್ಟಾಗಿತ್ತು, ಯಾರು ಏನೆಂದರು, ಅಂಗಿ ಯಾವುದು, ಇಷ್ಟೇ ಇರಲಿ. ಹಣೆಬರಹವನ್ನು ಹೊರಗೆ ಬಿಡಿ. ಹೇಳಲು ಒಬ್ಬರನ್ನು ಹುಡುಕಿಕೊಳ್ಳಿ, ಫೋನಿನ ರೆಕಾರ್ಡರ್ ಸಾಲದು. ಇಂಟರ್‌ವ್ಯೂನಲ್ಲಿ ಮಾತ್ರ ಗೊಗ್ಗರು ದನಿ ತೆಗೆಯಬೇಡಿ, ಗಂಟಲು ಕೆಟ್ಟಿದೆ ಎಂದುಕೊಂಡಾರು!

ಅಣ್ಣನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಮುಂದಿನ ವಾರ ಎಂಟನೇ ಕಂಪನಿ. ತಿಳಿನೀಲಿ ಬಣ್ಣದ ಹೊಸ ಅಂಗಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದ್ದಾರೆ. ‘ಅದಕ್ಕಿನ್ನೂ ಏನೂ ಅನುಭವ ಇಲ್ಲ, ಫ್ರೆಷರ್’ ಎನ್ನುತ್ತಾರೆ.